ಎಡಗೆನ್ನೆಯ ಬಿಸಿಲು

"ರಸ್ತೆ ನೋಡಿ ಸಾರ್, ನನ್ನ ಮುಖ ಅಲ್ಲ."

ಮಾತು ಮುಗಿಯುವ ಮೊದಲೇ ಅವಳ ಕಾಲು ಬ್ರೇಕಿನ ಮೇಲೆ ಬಿದ್ದಿತ್ತು. ಕಾರು ಕುಲುಕಿ ನಿಂತಿತು. ಮುಂದಿನ ಹಾಲಿನ ಗಾಡಿಗೂ ಇವರಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು, ಅಷ್ಟೇ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಎಡಗಡೆ ಸೀಟಿನಲ್ಲಿ ಕೂತು, ಕಿಟಕಿ ಇಳಿಸಿ, ಕೈ ಹೊರಗೆ ಚಾಚಿ ಹಿಂದಿನವರಿಗೆ ಸನ್ನೆ ಮಾಡುತ್ತಾ, ಆ ಬ್ರೇಕನ್ನೇ ನಂಬಿಕೊಂಡು ಅವಳು ಎಷ್ಟೋ ವರ್ಷ ಕಳೆದಿದ್ದಳು. ಕಲಿಯಲು ಬಂದವರು ಬೆನ್ನ ಹಿಂದೆ ಅವಳನ್ನು 'ಬ್ರೇಕ್ ಮೇಡಂ' ಎನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು. ಒಳಗೊಳಗೇ ಖುಷಿಯೂ ಇತ್ತು.

ಈ ಹೊಸ ವಿದ್ಯಾರ್ಥಿ ಮೊದಲ ದಿನವೇ ಹೀಗೆ. ಮೂವತ್ತು ದಾಟಿದ ಗಂಡಸು, ಇಸ್ತ್ರಿ ಮಾಡಿದ ಅಂಗಿ. ಸ್ಟೇರಿಂಗನ್ನು ಯಾರೋ ಕಸಿದುಕೊಂಡು ಓಡುತ್ತಾರೇನೋ ಎಂಬಂತೆ ಹಿಡಿದುಕೊಂಡಿದ್ದ.

"ಸಾರಿ... ಒಂದು ಮಾತು ಕೇಳ್ಲಾ? ತಪ್ಪು ತಿಳ್ಕೋಬೇಡಿ."

"ಮೊದಲು ನ್ಯೂಟ್ರಲ್‌ಗೆ ಹಾಕಿ. ಆಮೇಲೆ ಕೇಳಿ."

"ಆ ಕೆನ್ನೆಗೆ ಏನ್ ಹಚ್ತಿದ್ದೀರಾ?"

ಅವಳು ಕೆನ್ನೆಗೆ ಕೈ ಅಡ್ಡ ಹಿಡಿದಳು. ಯಾವುದನ್ನು ಯಾರೂ ಗಮನಿಸಬಾರದು ಎಂದು ದಿನವೂ ಬೇಡಿಕೊಳ್ಳುತ್ತಿದ್ದಳೋ ಅದನ್ನೇ ಈ ಮಹಾನುಭಾವ ಗಾಡಿ ನಿಲ್ಲಿಸಿ ಕೇಳುತ್ತಿದ್ದಾನೆ.

"ನನ್ನ ಕೆನ್ನೆ ಸಿಲಬಸ್‌ನಲ್ಲಿಲ್ಲ. ಕ್ಲಚ್ ಒತ್ತಿ."

"ಅಲ್ಲ, ನಾನು ಚರ್ಮದ ಡಾಕ್ಟರು, ಅದಕ್ಕೆ..."

"ಹಾಗಾದ್ರೆ ಮೊದಲು ಈ ಕಾರಿನ ಚರ್ಮ ಉಳಿಸಿ."

ಡಾಕ್ಟರು ಕ್ಲಚ್ ಒತ್ತಿದ. ಆದರೆ ಅವನ ತುಟಿಯ ತುದಿಯಲ್ಲಿ ಒಂದು ನಗು ಉಳಿದುಹೋಯಿತು. ಅವಳಿಗೆ ಅದೂ ಕಂಡಿತು, ಇನ್ನಷ್ಟು ಸಿಟ್ಟು ಬಂತು.

ವಿಷಯ ಇಷ್ಟೇ. ವರ್ಷಗಟ್ಟಲೆ ಒಂದೇ ಕಿಟಕಿಯ ಬಿಸಿಲು ತಿಂದು ಅವಳ ಮುಖ ಎರಡು ಬಣ್ಣವಾಗಿತ್ತು. ಬಲಗೆನ್ನೆ ಅಮ್ಮನ ಹಾಗೆ ಗೋಧಿ ಬಣ್ಣ. ಎಡಗೆನ್ನೆ ಕಂದು, ಕೆನ್ನೆಮೂಳೆಯ ಮೇಲೆ ಒಂದು ಗಾಢ ಕಲೆ. ಎಡಗೈಯಂತೂ ಬೇರೆ ಯಾರದ್ದೋ ಎಂಬಂತಿತ್ತು. ಅದರ ಗೊಡವೆಗೆ ಅವಳು ಹೋಗಿರಲಿಲ್ಲ, ಅಕ್ಕನ ಮದುವೆಯ ತನಕ.

ಮದುವೆಯಲ್ಲಿ ಫೋಟೋದವನು, "ಮೇಡಂ, ಆ ಕೆನ್ನೆ ಸ್ವಲ್ಪ ಆಕಡೆ ಮಾಡ್ಕೊಳ್ಳಿ" ಎಂದಿದ್ದ. ಆಲ್ಬಂ ಬಂದಾಗ ನೋಡಿದರೆ ಮನೆಯವರೆಲ್ಲ ಕ್ಯಾಮೆರಾ ನೋಡುತ್ತಿದ್ದರು. ಅವಳೊಬ್ಬಳು ಮಾತ್ರ ಪ್ರತಿ ಫೋಟೋದಲ್ಲೂ ಬಾಗಿಲ ಕಡೆ ನೋಡುತ್ತಿದ್ದಳು, ಊಟಕ್ಕೆ ಯಾವಾಗ ಕರೆಯುತ್ತಾರೋ ಎಂದು ಕಾಯುವವಳ ಹಾಗೆ.

ಅಮ್ಮ ಆಲ್ಬಂ ಮುಚ್ಚಿಟ್ಟು ಹೇಳಿದ್ದಳು. "ಸಾಕಮ್ಮ ಈ ಬಿಸಿಲಿನ ಕೆಲಸ. ವರ್ಷ ತುಂಬೋದ್ರೊಳಗೆ ಮುಖ ಸರಿಹೋಗ್ಲಿಲ್ಲ ಅಂದ್ರೆ ಕೆಲಸ ಬಿಟ್ಟುಬಿಡು. ನಿಮ್ಮ ಮಾವನ ಆಫೀಸಲ್ಲಿ ನೆರಳಲ್ಲಿ ಕೂತ್ಕೋ."

ಅವಳಿಗೆ ಆ ಕಾರು ಬಿಟ್ಟರೆ ಬೇರೆ ಬದುಕು ಬೇಡ. ನಡುಗುತ್ತಾ ಬಂದವರು ತಿಂಗಳ ಕೊನೆಗೆ ಒಂದು ಕೈಯಲ್ಲಿ ಗಾಡಿ ತಿರುಗಿಸುವುದನ್ನು ನೋಡುವ ಸುಖ ಯಾವ ನೆರಳಿನಲ್ಲಿ ಸಿಗುತ್ತದೆ?

ಆಗ ಪಾರ್ಲರ್ ನಡೆಸುವ ಚಿಕ್ಕಮ್ಮ ಒಂದು ಪುಟ್ಟ ಡಬ್ಬಿ ಕೊಟ್ಟಳು. ಬಿಳಿ ಕ್ರೀಮು, ಮೇಲೆ ಹೆಸರಿಲ್ಲ. ಮೊದಮೊದಲು ಕೆನ್ನೆ ನಿಜಕ್ಕೂ ಹೊಳೆಯಿತು. ಮನೆಯಲ್ಲಿ ಎಲ್ಲರಿಗೂ ಖುಷಿ. ಆಮೇಲೆ ಬಿಸಿಲಿಗೆ ಉರಿ ಶುರುವಾಯಿತು, ಕೆಂಪು, ಗುಳ್ಳೆ... ಹಚ್ಚುವುದು ನಿಲ್ಲಿಸಿದರೆ ಇನ್ನೂ ಜಾಸ್ತಿ. ಹಾಗಾಗಿ ಅವಳು ಇನ್ನೂ ದಪ್ಪಗೆ ಹಚ್ಚುತ್ತಿದ್ದಳು. ಬಾಣಲೆಯಿಂದ ಬೆಂಕಿಗೆ ಬಿದ್ದಂತಾಗಿತ್ತು ಅವಳ ಸ್ಥಿತಿ.

ಡಾಕ್ಟರು ಮಾತ್ರ ಮತ್ತೆ ಕೆನ್ನೆಯ ಸುದ್ದಿ ಎತ್ತಲಿಲ್ಲ. ಗೇರಿನ ಜೊತೆ ಮಾತಾಡುತ್ತಿದ್ದ. "ಬಾರಪ್ಪ ಸೆಕೆಂಡು, ಮೇಡಂ ನೋಡ್ತಿದ್ದಾರೆ" ಎನ್ನುತ್ತಿದ್ದ. ಅವಳು ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು. ಎಲ್ಲ ಬಂತು, ಆದರೆ ನೀರಿನ ಟ್ಯಾಂಕಿನ ಹತ್ತಿರದ ದಿಬ್ಬದಲ್ಲಿ ಮಾತ್ರ ದಿನವೂ ಗಾಡಿ ಆಫ್.

"ಈ ದಿಬ್ಬ ನನಗೆ ಹತ್ತಕ್ಕೇ ಬರಲ್ಲ ಮೇಡಂ. ಇನ್ನೂ ಒಂದು ತಿಂಗಳು ಬೇಕೇನೋ."

"ಹೀಗೇ ಆದ್ರೆ ದಿಬ್ಬನೇ ಸವೆದು ಹೋಗುತ್ತೆ ಸಾರ್."

ಬೆಳಗಾದರೆ ಆ ದಿಬ್ಬಕ್ಕಾಗಿ ತಾನೂ ಕಾಯುತ್ತಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು ಅವನು ಒಂದು ದಿನ ಬಾರದಿದ್ದಾಗ. ಕನ್ನಡಿಯ ಮುಂದೆ ನಿಂತು ತನ್ನನ್ನು ತಾನೇ ಗದರಿಕೊಂಡಳು. 'ಸುಮ್ನಿರೇ, ಅವರಿಗೆ ಕಂಡಿದ್ದು ಕೆನ್ನೆಯ ಕಾಯಿಲೆ, ನೀನಲ್ಲ.'

ಒಂದು ಮಧ್ಯಾಹ್ನ ಉರಿ ತಡೆಯಲಾಗಲಿಲ್ಲ. ದುಪ್ಪಟ್ಟಾ ಸುತ್ತಿಕೊಂಡು ಅವನ ಆಸ್ಪತ್ರೆಗೆ ಹೋಗಿ ಬೆಂಚಿನ ಮೇಲೆ ಕೂತಳು. ಅವಳ ಸರದಿ ಬಂತು. ಅವಳು ಒಳಗೆ ಕಾಲಿಟ್ಟದ್ದೇ ಅವನು ಎದ್ದು ನಿಂತ. ಮುಖ ಎತ್ತಿ ನೋಡಲಿಲ್ಲ.

"ನಾನು ನಿಮ್ಮನ್ನ ನೋಡಕ್ಕಾಗಲ್ಲ. ಪಕ್ಕದ ರೂಮಲ್ಲಿ ದೊಡ್ಡ ಮೇಡಂ ಇದ್ದಾರೆ, ಅವರ ಹತ್ರ ಹೋಗಿ. ಪ್ಲೀಸ್."

ನೋಡಕ್ಕಾಗಲ್ಲ...

ಅಷ್ಟು ಅಸಹ್ಯವಾಗಿದೆಯಾ? ಅವಳ ಕಣ್ಣು ತುಂಬಿತು. ಮನೆಗೆ ಓಡಿಬಿಡಬೇಕು ಎನ್ನಿಸಿತು. ಅಷ್ಟರಲ್ಲಿ ನರ್ಸಮ್ಮ ಪಕ್ಕದ ಬಾಗಿಲು ತೆರೆದು ಅವಳನ್ನು ಒಳಗೆ ದಬ್ಬಿಯಾಗಿತ್ತು.

ದೊಡ್ಡ ಡಾಕ್ಟರಮ್ಮನಿಗೆ ತಲೆ ಪೂರ್ತಿ ನರೆತಿತ್ತು, ಕನ್ನಡಕ ಹಣೆಯ ಮೇಲಿತ್ತು. ದೀಪ ಹಿಡಿದು ಕೆನ್ನೆ ನೋಡಿದರು, ಅವಳು ತಂದಿದ್ದ ಡಬ್ಬಿ ತೆರೆದು ನೋಡಿದರು.

"ಇದರ ಅಪ್ಪ ಅಮ್ಮ ಯಾರು ಅಂತಾನೇ ಗೊತ್ತಿಲ್ವಲ್ಲಮ್ಮ. ನಿನ್ನ ಕೆನ್ನೆ ನೋಡಿದ್ರೆ ಇದರಲ್ಲಿ ಸ್ಟಿರಾಯ್ಡ್ ಬೆರೆಸಿರೋ ಹಾಗಿದೆ. ಮೊದಲು ಬೆಳ್ಳಗೆ ಮಾಡುತ್ತೆ, ಆಮೇಲೆ ಚರ್ಮ ತೆಳ್ಳಗಾಗಿ ಹೀಗೆ ಸಿಡುಕುತ್ತೆ. ಇನ್ನು ಇದನ್ನ ಹಚ್ಚಬೇಡ. ಬಿಟ್ಟಾಗ ಸ್ವಲ್ಪ ದಿನ ಕೆರಳುತ್ತೆ, ಅದಕ್ಕೆ ನಾನು ಔಷಧಿ ಕೊಡ್ತೀನಿ. ಹೆದರ್ಕೊಂಡು ಮತ್ತೆ ಡಬ್ಬಿ ತೆಗೀಬಾರದು, ಆಯ್ತಾ?"

"ಬಣ್ಣ?"

"ಬಿಸಿಲಿಗೆ ಹೋಗೋ ಮುಂಚೆ ಸನ್‌ಸ್ಕ್ರೀನು, ಎರಡು ಮೂರು ಗಂಟೆಗೊಮ್ಮೆ ಮತ್ತೆ. ತುಂಬು ತೋಳು, ಟೋಪಿ. ಉರಿ ಆರಲಿ, ಕಲೆಗೆ ಆಮೇಲೆ ಬೇರೆ ಕ್ರೀಮ್ ಕೊಡ್ತೀನಿ. ತಿಂಗಳುಗಟ್ಟಲೆ ಹಿಡಿಯುತ್ತೆ. ಎಡಗೆನ್ನೆ ಹೆಚ್ಚು ಕಮ್ಮಿ ಬಲಗೆನ್ನೆ ಥರ ಆಗುತ್ತೆ. ಅದಕ್ಕಿಂತ ಬೆಳ್ಳಗೆ ಮಾಡ್ತೀನಿ ಅಂತ ಯಾರಾದ್ರೂ ಅಂದ್ರೆ ಅಲ್ಲಿಂದ ಎದ್ದು ಬಾ."

ಅವಳಿಗೆ ಒಂದೇ ಪ್ರಶ್ನೆ ಉಳಿದಿತ್ತು. "ಕೆಲಸ ಬಿಡ್ಬೇಕಾ ಮೇಡಂ?"

"ಯಾಕಮ್ಮ? ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ?"

ಅವಳು ಅಲ್ಲೇ ಅತ್ತುಬಿಟ್ಟಳು. ಎಷ್ಟೋ ತಿಂಗಳ ಭಾರ ಇಳಿದಿತ್ತು. ಆದರೆ ಪಕ್ಕದ ಕೋಣೆಯ ಮಾತು ಮಾತ್ರ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಮಾರನೇ ಬೆಳಗ್ಗೆ ಡಾಕ್ಟರು ಎಂದಿನಂತೆ ಬಂದ. ಅವಳು ಕಾರಿನ ಬಾಗಿಲಿಗೆ ಅಡ್ಡ ನಿಂತಳು.

"ನಾನು ನಿಮಗೆ ಕಲಿಸಕ್ಕಾಗಲ್ಲ. ಪಕ್ಕದ ಕಾರಲ್ಲಿ ಮೇಷ್ಟ್ರಿದ್ದಾರೆ, ಅವರ ಹತ್ರ ಹೋಗಿ. ಪ್ಲೀಸ್."

ಸೇರಿಗೆ ಸವಾಸೇರು. ಅವನು ಏನೋ ಹೇಳಲು ಬಾಯಿ ತೆರೆದ, ಅವಳು ಒಳಗೆ ಕೂತು ಗಾಜು ಏರಿಸಿದಳು.

ದಿನಗಳು ಹೋದವು. ಟೋಪಿ, ತುಂಬು ತೋಳು, ಚೀಲದಲ್ಲಿ ಸನ್‌ಸ್ಕ್ರೀನು. ಈಗ ಅವಳ ಹೆಸರು 'ಮುಸುಕು ಮೇಡಂ' ಎಂದಾಯಿತು. ಮೊದಲ ವಾರಗಳಲ್ಲಿ ಕೆನ್ನೆ ಕೆಂಡವಾಯಿತು, ಅವಳು ಹಲ್ಲು ಕಚ್ಚಿ ತಡೆದಳು. ಆಮೇಲೆ ಉರಿ ಆರಿತು, ಗುಳ್ಳೆ ಒಣಗಿತು, ಕಲೆ ನಿಧಾನವಾಗಿ ತಿಳಿಯಾಗತೊಡಗಿತು. ಮೊದಲು ಕೆಲಸ ಬಿಡು ಎಂದಿದ್ದ ಅಮ್ಮನೇ ಈಗ ಬೆಳಗ್ಗೆ ಬಾಗಿಲಲ್ಲಿ ನಿಂತು, "ಬಳ್ಕೊಂಡ್ಯಾ? ಕಿವಿ ಹತ್ರ ಬಿಟ್ಟಿದ್ದೀಯ ನೋಡು" ಎನ್ನುತ್ತಿದ್ದಳು. ಚಿಕ್ಕಮ್ಮ ಪಾರ್ಲರಿನಲ್ಲಿದ್ದ ಅಂಥ ಡಬ್ಬಿಗಳನ್ನೆಲ್ಲ ಕಸಕ್ಕೆ ಸುರಿದಳು.

ಮುಂದಿನ ಸಲ ಹೋದಾಗ ದೊಡ್ಡ ಡಾಕ್ಟರಮ್ಮ ಕೇಳಿದರು. "ನಮ್ಮ ಹುಡುಗ ಡ್ರೈವಿಂಗ್ ಕಲಿತ್ನಾ?"

"ಗೊತ್ತಿಲ್ಲ ಮೇಡಂ. ಅವರು ನನ್ನ ನೋಡಕ್ಕಾಗಲ್ಲ ಅಂದ್ರು, ನಾನು ಕಲಿಸಕ್ಕಾಗಲ್ಲ ಅಂದೆ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕರು.

"ಅಯ್ಯೋ ಹುಚ್ಚಿ. ಮನಸ್ಸು ಕೊಟ್ಟವರಿಗೆ ಮದ್ದು ಕೊಡಬಾರದು ಅಂತ ನಮ್ಮಲ್ಲೊಂದು ಶಿಸ್ತಿದೆ. ಅವತ್ತು ನೀನು ಬೆಂಚ್ ಮೇಲೆ ಕೂತಿರೋದು ನೋಡಿ ನನ್ನ ರೂಮಿಗೆ ಓಡಿ ಬಂದ. 'ಮೇಡಂ, ಇವರನ್ನ ನಾನು ಪೇಷೆಂಟ್ ಅಂತ ನೋಡಕ್ಕಾಗಲ್ಲ, ನೀವೇ ನೋಡಿ' ಅಂದ. ನಿನಗೆ ಅರ್ಧ ಮಾತ್ರ ಹೇಳಿದ್ನಾ ಪೆದ್ದ?"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೇರವಾಗಿ ಸ್ಕೂಲಿಗೆ ಬಂದು ಮೇಷ್ಟ್ರನ್ನು ಹಿಡಿದಳು.

"ಡಾಕ್ಟರು ದಿಬ್ಬ ಹತ್ತಿಸ್ತಾರಾ ಮೇಷ್ಟ್ರೇ?"

"ನನ್ನ ಹತ್ರ ಬಂದ ದಿನದಿಂದಾನೇ ಬೆಣ್ಣೆ ಥರ ಹತ್ತಿಸ್ತಾನೆ, ಆದ್ರೂ ಕ್ಲಾಸ್ ಬಿಡಲ್ಲ. ನಿನ್ನ ಹತ್ರ ಅದ್ಯಾಕೆ ದಿನಾ ಆಫ್ ಆಗ್ತಿತ್ತೋ, ನನಗಂತೂ ಗೊತ್ತಿಲ್ಲಮ್ಮ."

ಮಾರನೇ ಬೆಳಗ್ಗೆ ಡಾಕ್ಟರು ಕಾರು ಹತ್ತಿ ಬೆಲ್ಟ್ ಹಾಕಿಕೊಂಡು ನೋಡುತ್ತಾನೆ, ಎಡ ಸೀಟಿನಲ್ಲಿ ಟೋಪಿ ಹಾಕಿಕೊಂಡು ಅವಳು ಕೂತಿದ್ದಾಳೆ.

"ಮೇಷ್ಟ್ರು...?"

"ರಜೆ. ದಿಬ್ಬದ ಕಡೆ ನಡೀರಿ."

ದಿಬ್ಬದ ಅರ್ಧಕ್ಕೆ ಬಂದದ್ದೇ ಗಾಡಿ ಗಕ್ಕನೆ ನಿಂತಿತು.

"ಅಯ್ಯೋ, ಇವತ್ತು ನಾನು ಮಾಡಿಲ್ಲ," ಎಂದ ಅವನು ಗಾಬರಿಯಿಂದ.

"ಗೊತ್ತು. ಬ್ರೇಕ್ ಒತ್ತಿದ್ದು ನಾನು." ಅವಳು ಟೋಪಿ ತೆಗೆದಳು. ಎಡಗೆನ್ನೆಯನ್ನು ಮರೆಸಲಿಲ್ಲ. "ಉಳಿದ ದಿನ ಎಲ್ಲ ನೀವೇ ಮಾಡಿದ್ದಾ?"

ಅವನ ಕಿವಿ ಕೆಂಪಾಯಿತು. "ಬೇಗ ಕಲಿತುಬಿಟ್ರೆ ನೀವು ಸಿಗಲ್ವಲ್ಲ."

"ನೋಡಕ್ಕಾಗಲ್ಲ ಅಂದ್ರಿ. ಎಷ್ಟು ಅತ್ತೆ ಗೊತ್ತಾ?"

"ತಪ್ಪಾಯ್ತು. ಪೂರ್ತಿ ಹೇಳೋಕೆ ಧೈರ್ಯ ಬರ್ಲಿಲ್ಲ. ಮೊದಲ ದಿನ ಆ ಕೆನ್ನೆ ನೋಡಿದ್ದು ಡಾಕ್ಟರಾಗಿ, ನಿಜ. ಎರಡನೇ ದಿನದಿಂದ ಡಾಕ್ಟರು ಈ ಕಾರು ಹತ್ತಿಲ್ಲ. ನಾನು ಬರ್ತಿದ್ದೆ, ಅಷ್ಟೇ. ನೀವು ಕಿಟಕಿ ಕಡೆ ತಿರುಗಿ ನಗ್ತಿದ್ರಲ್ಲ, ಅದು ಸೈಡ್ ಕನ್ನಡೀಲಿ ಕಾಣ್ತಿತ್ತು."

ಅವಳ ಕಣ್ಣು ತುಂಬಿತು. ಈ ಸಲ ನಗುತ್ತಲೇ ತುಂಬಿತು.

"ಮನೇಲಿ ಕೆಲಸ ಬಿಡು ಅಂದ್ರು. ಆ ಕ್ರೀಮಿನ ಮೇಲೆ ಮೊದಲು ಅನುಮಾನ ಪಟ್ಟವರು ನೀವೇ."

ಹಿಂದೆ ಒಂದು ಲಾರಿ ಹಾರ್ನ್ ಹೊಡೆಯಿತು. ಇಬ್ಬರಿಗೂ ಕೇಳಲಿಲ್ಲ.

"ಮುಂದೆ ನಮ್ಮದು ಅಂತ ಒಂದು ಕಾರು ತಗೊಂಡ್ರೆ... ಯಾರು ಓಡಿಸೋದು?" ಅವನು ಮೆಲ್ಲಗೆ ಕೇಳಿದ.

ಅವಳು ಯೋಚಿಸಿದಂತೆ ಮಾಡಿದಳು. "ಒಂದು ವಾರ ನಾನು, ಒಂದು ವಾರ ನೀವು. ಬಿಸಿಲು ಒಂದ್ಸಲ ಬಲಗೆನ್ನೆಗೆ, ಒಂದ್ಸಲ ಎಡಗೆನ್ನೆಗೆ. ಎರಡೂ ಒಂದೇ ಬಣ್ಣಕ್ಕೆ ಬರುತ್ತೆ."

"ಡಾಕ್ಟರಾಗಿ ಈ ಚಿಕಿತ್ಸೆ ನಾನು ಒಪ್ಪಲ್ಲ."

"ಡಾಕ್ಟರು ಈ ಕಾರು ಹತ್ತಲ್ಲ ಅಂದ್ರಲ್ಲ ಈಗ?"

"ಹಾಗಾದ್ರೆ ಒಪ್ಪಿದೆ. ಸನ್‌ಸ್ಕ್ರೀನ್ ಮಾತ್ರ ಬಿಡಬಾರದು."

"ಸರಿ. ಈಗ ರಸ್ತೆ ನೋಡಿ."

ಅವನು ನೋಡಿದ್ದು ಅವಳ ಮುಖವನ್ನು. ಅವಳು ತಿರುಗಿಸಿಕೊಳ್ಳಲಿಲ್ಲ. ಆಮೇಲೆ ಅವನು ಫಸ್ಟ್ ಗೇರ್ ಹಾಕಿದ, ಕಾರು ಒಂದೇ ಉಸಿರಿಗೆ ದಿಬ್ಬ ಹತ್ತಿತು. ಅವಳ ಕಾಲು ಬ್ರೇಕಿನ ಮೇಲಿರಲಿಲ್ಲ.