ಅಪ್ಪನ ಕೈಯ ಚಿಗುರು

"ಅಲ್ಲಾಡ್ಬೇಡ!" ಗುಬ್ಬಿ ಕತ್ತರಿ ಹಿಡಿದು ಪಿಸುಗುಟ್ಟಿದಳು.

ಹೇಳಿದ್ದು ಅಪ್ಪನಿಗಲ್ಲ. ಅಪ್ಪ ಊಟ ಮುಗಿಸಿ, ಏಳು ಬೀದಿ ನಡುಗುವಂತೆ ಗೊರಕೆ ಹೊಡೆಯುತ್ತಿದ್ದ. ಹೇಳಿದ್ದು ಅವನ ಬೆರಳ ಮೇಲಿದ್ದ ಕಪ್ಪು ಗಂಟಿಗೆ.

ಗುಲಾಬಿ ಮುಳ್ಳು ಚುಚ್ಚಿದ ಜಾಗವದು. ಮೊದಲು ಸಾಸಿವೆಯಷ್ಟಿತ್ತು. ಈಗ ಕುಂಬಳಕಾಯಿ! ಹೋಗಲಿ, ಕಡಲೆಕಾಳು ಅನ್ನೋಣ. ಬಿಸಿಲು ಬಿದ್ದರೆ ರೆಪ್ಪೆಯಿಲ್ಲದ ಕಣ್ಣಿನಂತೆ ಮಿನುಗುತ್ತಿತ್ತು. ಒತ್ತಿದರೂ ಅಪ್ಪನಿಗೆ ನೋವಿಲ್ಲ. ಗುಬ್ಬಿಗೆ ಅದೇ ಭಯ.

"ನಿಮ್ಮಮ್ಮನ ಕಿವಿಗೆ ಊದ್ಬೇಡ. ಆಮೇಲೆ ಗಿಡ ಮುಟ್ಟೋಕೂ ಬಿಡಲ್ಲ ಅವ್ಳು," ಎಂದಿದ್ದ ಅಪ್ಪ.

ನರ್ಸರಿಯಲ್ಲಿ ಗಿಡಗಳಿಗೆ ಕಸಿ ಕಟ್ಟುವುದು ಅಪ್ಪನ ಕೆಲಸ. ಹೋದ ವರ್ಷ ಅವನಿಗೇ ಕಸಿಯಾಗಿತ್ತು. ಗುಬ್ಬಿಯ ಅತ್ತೆ ಕೊಟ್ಟ ಒಂದು ಕಿಡ್ನಿ ಈಗ ಅಪ್ಪನ ಹೊಟ್ಟೆಯಲ್ಲಿದೆ. ಅದಕ್ಕೂ ಕಸಿ, ಇದಕ್ಕೂ ಕಸಿ! ಗುಬ್ಬಿಯ ತಲೆ ಗಿರಗಿರ ತಿರುಗಿದ್ದೇ ಅಲ್ಲಿ. ಕಸಿಯ ಗಿಡದ ಬುಡದಲ್ಲಿ ಕಾಡುಚಿಗುರು ಬಂದರೆ ತೆಗೆಯಬೇಕು, ಇಲ್ಲದಿದ್ದರೆ ಕಸಿ ಸಾಯುತ್ತದೆ ಎಂದು ಅಪ್ಪನೇ ಕಲಿಸಿದ್ದನಲ್ಲ.

ತಣ್ಣನೆಯ ಕತ್ತರಿ ಗಂಟಿಗೆ ತಾಗಿತು. ಗೊರಕೆ ನಿಂತಿತು.

"ಏಯ್! ಏನೇ ಇದು?"

"ಚಿಗುರು ತೆಗೀತಿದೀನಿ ಅಪ್ಪಾ. ಇಲ್ಲಾಂದ್ರೆ ಅತ್ತೆ ಕಿಡ್ನಿ ಸತ್ತೋಗುತ್ತೆ!"

"ಭಲೇ ಮಾಲಿ!" ಅಪ್ಪ ಬಿದ್ದು ಬಿದ್ದು ನಕ್ಕ.

ಗುಬ್ಬಿ ನಗಲಿಲ್ಲ. ಅವನ ಅಂಗಿಯ ತೋಳು ಮೇಲೆ ಸರಿಸಿದಳು. ಮಣಿಕಟ್ಟಿನ ಹತ್ತಿರ ಇನ್ನೊಂದು ಗಂಟು. ಅದರ ಮೇಲೆ ಮತ್ತೊಂದು. ಏನೋ ಸದ್ದಿಲ್ಲದೆ ಮೆಟ್ಟಿಲು ಹತ್ತುತ್ತಿತ್ತು.

ಅಪ್ಪ ನಗು ನಿಲ್ಲಿಸಿ ತೋಳು ತಿರುಗಿಸಿ ನೋಡಿದ. "ಲೇ ಇವ್ಳೇ, ಸ್ವಲ್ಪ ಬಾ ಇಲ್ಲಿ," ಎಂದು ಅಮ್ಮನನ್ನು ಕೂಗಿದ.

ಆಸ್ಪತ್ರೆಯಲ್ಲಿ ಗಂಟಿನ ಚೂರು ತೆಗೆದು ಟೆಸ್ಟ್ ಮಾಡಿದರು. "ಫಂಗಸ್ ಇದು. ಬ್ರೆಡ್ ಮೇಲೆ ಬೂಷ್ಟು ಬರುತ್ತಲ್ಲ, ಆ ಪೈಕಿ," ಎಂದರು ಡಾಕ್ಟರಮ್ಮ. "ಮುಳ್ಳಿನ ಜೊತೆ ಒಳಗೆ ಹೋಗಿದೆ. ತುಂಬಾ ಅಪರೂಪ."

"ಮತ್ತೆ ನಮ್ಮಪ್ಪಂಗೇ ಯಾಕೆ ಬಂತು?"

"ಮೈಯೊಳಗೆ ಕಾವಲುಗಾರರು ಇರ್ತಾರೆ ಮರಿ. ಅತ್ತೆ ಕಿಡ್ನಿನೇ ಕಳ್ಳ ಅಂತ ಅವ್ರು ಹೊಡೀಬಾರ್ದಲ್ಲ? ಅದಕ್ಕೆ ಮಾತ್ರೆ ಕೊಟ್ಟು ತೂಕಡಿಸೋ ಹಾಗೆ ಮಾಡಿದೀವಿ. ಈಗ ನಿಜವಾದ ಕಳ್ಳ ಬಂದ್ರೂ ಅವ್ರಿಗೆ ಗೊತ್ತಾಗಲ್ಲ."

"ವಾಸಿಯಾಗುತ್ತಾ?"

"ಬೇಗ ಬಂದ್ರಿ. ತಿಂಗಳುಗಟ್ಟಲೆ ಔಷಧಿ ಬೇಕು, ಆದ್ರೆ ಆಗುತ್ತೆ."

"ಕಾವಲುಗಾರ್ರು ಯಾವಾಗ ಏಳ್ತಾರೆ?"

ಡಾಕ್ಟರಮ್ಮ ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡರು. "ಪೂರ್ತಿ ಏಳಬಾರ್ದು ಮರಿ."

ಮರುದಿನ ಸ್ಕೂಲಿಂದ ಬಂದವಳೇ ಗುಬ್ಬಿ ಬ್ಯಾಗು ಕೂಡ ಇಳಿಸದೆ ಅಪ್ಪನ ಎದುರು ಕೂತಳು. ಅಪ್ಪ ಏನೂ ಕೇಳದೆ ಎರಡೂ ಕೈ ಚಾಚಿದ. ಅವಳು ಬೆರಳ ಸಂದಿಯಿಂದ ಹೊಸ ಗಂಟು ಹುಡುಕಲು ಶುರು ಮಾಡಿದಳು, ನಿಧಾನವಾಗಿ.