ಒಂಟಿ ಕಾಲಿನ ಕಳ್ಳ

ಬೆಳಿಗ್ಗೆ ಎಂಟಕ್ಕೆ ನಾನು ವರ್ಕ್‌ಶಾಪ್ ಗುಡಿಸುತ್ತಿದ್ದೆ. ಅಪ್ಪ ತಮ್ಮ ಬೆಂಚಿನ ಮುಂದೆ, ರಬ್ಬರ್ ಮ್ಯಾಟಿನ ಮೇಲೆ ನಿಂತು ಅರದ ಹಲ್ಲುಗಳಲ್ಲಿ ಸಿಕ್ಕಿದ್ದ ಪುಡಿಯನ್ನು ಬ್ರಷ್‌ನಿಂದ ತೆಗೆಯುತ್ತಿದ್ದರು. ಅಲ್ಯೂಮಿನಿಯಂ ಚೂರು ಪೊರಕೆಗೆ ಬೇಗ ಸಿಗುವುದಿಲ್ಲ. ಬಾಗಿಲಿನಿಂದ ಶುರು ಮಾಡಿ ನಿಧಾನವಾಗಿ ಬೆಂಚಿನವರೆಗೆ ಬಂದೆ. ದಿನವೂ ಆ ಹೊತ್ತಿಗೆ ಅಪ್ಪ ಪಕ್ಕಕ್ಕೆ ಸರಿಯುತ್ತಾರೆ. ನಾನು ಮ್ಯಾಟ್ ಎತ್ತಿ ಹೊರಗೆ ಕೊಡವಿ ತರುತ್ತೇನೆ. ಅವತ್ತು ಸರಿಯಲಿಲ್ಲ. ಅವರ ಕಾಲಿನ ಸುತ್ತ ಗುಡಿಸಿ ಮುಂದೆ ಹೋದೆ.

ಆಮೇಲೆ ಅಳತೆಯ ರಟ್ಟುಗಳ ಧೂಳು ಒರೆಸಿ ಮೊಳೆಗೆ ನೇತುಹಾಕಿದೆ. ಕೊನೆಗೆ ಉದ್ದ ಮೇಜಿನ ಮೇಲೆ ಹೊದಿಸಿದ್ದ ಹಳೇ ಕಂಬಳಿಯನ್ನು ಕೊಡವಲು ಎತ್ತಿದೆ.

ಕೆಳಗೆ ಎರಡು ಗಾರ್ಡ್ ಇರಬೇಕಿತ್ತು. ಒಂದೇ ಇತ್ತು.

"ಅಪ್ಪ, ಇಲ್ಲಿ ಒಂದೇ ಇದೆ."

ಅಪ್ಪ ತಿರುಗಲಿಲ್ಲ. "ಸರಿಯಾಗಿ ನೋಡು" ಎಂದರು.

ಸರಿಯಾಗಿ ನೋಡಿದೆ. ಒಂದೇ ಇತ್ತು — ಎಡಗಡೆಯದು.

ಅವು ಒಂದು ಹಳೇ ಲಾರಿಯ ಗಾರ್ಡುಗಳು. ಆ ಲಾರಿಗೆ ನಮ್ಮ ಅಪ್ಪನಿಗಿಂತ ಹೆಚ್ಚು ವಯಸ್ಸು. ಬಾಗಿಲಿನ ಕೆಳಗೆ ಕಾಲಿಟ್ಟು ಹತ್ತಲು ಎರಡೂ ಬದಿಗೆ ಉದ್ದನೆಯ ಫುಟ್‌ಬೋರ್ಡ್ ಇದೆ. ಮುಂದೆ ಮಡ್‌ಗಾರ್ಡಿಗೆ ಸೇರುವ ಕಡೆ ಅದು ಬಾಗಿ ಕಿರಿದಾಗುತ್ತದೆ. ಚಪ್ಪಲಿಯ ಮಣ್ಣಿಗೆ ಹೊಸ ಬಣ್ಣ ಕಿತ್ತುಹೋಗದಂತೆ ಅದರ ಮೇಲೆ ಲೋಹದ ಹೊದಿಕೆ ಬೇಕಿತ್ತು, ಅದೇ ಗಾರ್ಡು. ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಅಳೆದು, ರಟ್ಟು ಕತ್ತರಿಸಿ, ಆ ರಟ್ಟನ್ನು ತಗಡಿನ ಮೇಲಿಟ್ಟು ಗುರುತು ಹಾಕಿ ಮಾಡಬೇಕು. ತಗಡು ಲಾರಿ ಮಾಲೀಕರದೇ. ಅವರ ತಂದೆ ಕಾಪಾಡಿಕೊಂಡು ಬಂದಿದ್ದ ಅಲ್ಯೂಮಿನಿಯಂ: ಒಂದು ಮುಖದಲ್ಲಿ ಉಬ್ಬುಗೆರೆ, ಹಿಂಬದಿ ಬೋಳು. ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಸರಿಯಾಗಿ ಎರಡು ಗಾರ್ಡಿಗೆ ಸಾಕಾಗುವಷ್ಟಿತ್ತು.

ಎಡಗಡೆಯದು ಪೂರ್ತಿ ಆಗಿತ್ತು. ಸೋಮವಾರ ಲಾರಿಗೆ ಇಟ್ಟು ನೋಡಿದ್ದರು. ಉಗುರು ತೂರಿಸಲೂ ಸಂದಿ ಇರಲಿಲ್ಲ. ಬಲಗಡೆಯದನ್ನು ಕತ್ತರಿಸಿಯಾಗಿತ್ತು, ಅಂಚು ಬಗ್ಗಿಸುವುದು ಬಾಕಿ. ಅವತ್ತು ಶುಕ್ರವಾರ. ಭಾನುವಾರ ಹಳೇ ಗಾಡಿಗಳ ಮೆರವಣಿಗೆ. ಅವತ್ತೇ ಹತ್ತು ಗಂಟೆಗೆ ಮಾಲೀಕರು ಲಾರಿ ತರುವವರಿದ್ದರು.

ಎಂಟೂವರೆಗೆ ಪಾಲಿಶ್ ಅಣ್ಣ ಬಂದ. ತಗಡನ್ನು ಕತ್ತರಿಸುವ ಮೊದಲೇ ತಿಕ್ಕಿ ಹೊಳೆಸಿ ಕೊಟ್ಟಿದ್ದವನು ಅವನೇ. ವಿಷಯ ಕೇಳಿದವನು ಟಿಫನ್ ಕ್ಯಾರಿಯರ್ ಕೆಳಗಿಡಲಿಲ್ಲ. ಕೈಯಲ್ಲೇ ಹಿಡಿದು ನಿಂತ. ಅವನ ಮುಖ ನೋಡಲು ನನಗೆ ಆಗಲಿಲ್ಲ. ಹಿಂದೆ ಬೇರೆ ಕಡೆ ಕೆಲಸಕ್ಕಿದ್ದಾಗ ಒಂದು ಹಿತ್ತಾಳೆ ನಲ್ಲಿ ಕಳೆದುಹೋಗಿ ಮೂರು ದಿನ ಠಾಣೆಯಲ್ಲಿ ಕೂತು ಬಂದವನು. ನಲ್ಲಿ ಆಮೇಲೆ ಅಲ್ಲೇ ಡ್ರಮ್ಮಿನ ಹಿಂದೆ ಸಿಕ್ಕಿತಂತೆ. ಅದು ಸಿಕ್ಕಿದ್ದನ್ನು ಯಾರೂ ನೆನಪಿಟ್ಟುಕೊಂಡಿಲ್ಲ.

ಬಾಗಿಲ ಬೀಗ ಮುರಿದಿರಲಿಲ್ಲ. ಕೀ ಇದ್ದದ್ದು ಇಬ್ಬರ ಹತ್ತಿರ: ಅಪ್ಪ, ಪಾಲಿಶ್ ಅಣ್ಣ.

ಮಾಲೀಕರು ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಕಂಬಳಿ ಎತ್ತಿ ನೋಡಿ, ಇಳಿಸಿ, ಮತ್ತೆ ಎತ್ತಿ ನೋಡಿದರು. ಕೂಗಾಡಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ನಿನ್ನೆ ಕೊನೆಗೆ ಹೋದವರು ಯಾರು ಎಂದು ಕೇಳಿದರು.

"ನಾನು ಐದಕ್ಕೇ ಹೋದೆ" ಎಂದರು ಅಪ್ಪ. "ಬೀಗ ಹಾಕಿದ್ದು ಅವನು."

ಪಾಲಿಶ್ ಅಣ್ಣ ಅಪ್ಪನ ಕಡೆ ನೋಡಿದ. ಅಪ್ಪ ಅರದ ಕಡೆ ನೋಡಿದರು.

ಹನ್ನೊಂದರವರೆಗೆ ಕಾಯುತ್ತೇನೆ, ಆಮೇಲೆ ಠಾಣೆಗೆ ಹೋಗಿ ಇಬ್ಬರ ಹೆಸರೂ ಬರೆಸುತ್ತೇನೆ ಎಂದು ಮಾಲೀಕರು ಹೇಳಿದರು. ಇಬ್ಬರ ಹೆಸರು ಬರೆಸಿದರೆ ಪೊಲೀಸರು ಯಾರನ್ನು ಕೂರಿಸಿಕೊಳ್ಳುತ್ತಾರೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಪಾಲಿಶ್ ಅಣ್ಣ ಜೇಬಿನಿಂದ ತನ್ನ ಕೀ ತೆಗೆದು, ಸದ್ದಾಗದಂತೆ ಬೆಂಚಿನ ಮೇಲಿಟ್ಟ.

ಆಗ ಬಂದವರು ಅತ್ತೆ, ಎರಡು ಸೀಟ್ ಕವರ್ ಹೆಗಲ ಮೇಲೆ ಹಾಕಿಕೊಂಡು.

ಅತ್ತೆ ಅಪ್ಪನ ತಂಗಿ. ಪಕ್ಕದ ಗೋಡೆಯಾಚೆ ಟೈಲರ್ ಅಂಗಡಿ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಬೆಳಿಗ್ಗೆ ಅಪ್ಪನ ಹತ್ತಿರ, ಮಧ್ಯಾಹ್ನ ಅತ್ತೆಯ ಹತ್ತಿರ. ನಮ್ಮ ಬೀದಿಯಲ್ಲಿ ಏನು ಕಳೆದುಹೋದರೂ ಜನ ಮೊದಲು ಅತ್ತೆಯ ಮುಂದೆ ಬಂದು ಕೂರುತ್ತಾರೆ. ಅತ್ತೆ ಹೊಲಿಗೆ ನಿಲ್ಲಿಸದೆ ನಾಲ್ಕು ಪ್ರಶ್ನೆ ಕೇಳುತ್ತಾರೆ, ವಸ್ತು ಸಿಗುತ್ತದೆ. ಎದುರುಮನೆ ಅಜ್ಜಿಯ ಹಲ್ಲಿನ ಸೆಟ್ಟು ಅಳಿಯನ ಕೋಟಿನಲ್ಲಿದೆ ಎಂದು ಹೇಳಿದವರು ಅವರೇ. ಹೇಗೆ ಗೊತ್ತಾಯಿತೆಂದು ಮಾತ್ರ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಎಲ್ಲವನ್ನೂ ಕೇಳಿಸಿಕೊಂಡು ಅತ್ತೆ ಮೊದಲು ಕೇಳಿದ್ದು ಮಾಲೀಕರನ್ನು.

"ಎರಡೂ ಒಂದೇ ಕಂಬಳಿ ಕೆಳಗಿತ್ತಾ ಸಾರ್?"

"ಹೌದಂತೆ."

"ಮತ್ತೆ ಒಂದನ್ನೇ ಯಾಕೆ ತಗೊಂಡ? ಒಂದೇ ಚಪ್ಪಲಿ ಕದಿಯೋ ಕಳ್ಳನ್ನ ನಾನಂತೂ ನೋಡಿಲ್ಲ. ಕಳ್ಳನಿಗೇನು ಒಂಟಿ ಕಾಲಾ?"

ಯಾರೂ ನಗಲಿಲ್ಲ. ಅವಸರದಲ್ಲಿ ಕೈಗೆ ಸಿಕ್ಕಿದ್ದು ಎಳೆದುಕೊಂಡು ಹೋಗಿರಬಹುದು ಎಂದರು ಮಾಲೀಕರು. ಅತ್ತೆ ಕಂಬಳಿ ಸರಿಸಿದರು. ಎಡಗಡೆಯದು ಅಂಚು ಬಗ್ಗಿಸಿ, ತೂತು ಕೊರೆದು, ಮಾರಿದರೂ ಬೆಲೆ ಬರುವಂತೆ ಸಿದ್ಧವಾಗಿತ್ತು. ಅದನ್ನು ಬಿಟ್ಟು ಅರೆಬರೆ ಕೆಲಸದ್ದನ್ನು ಯಾರು ಒಯ್ಯುತ್ತಾರೆ?

ಪಾಲಿಶ್ ಅಣ್ಣನ ಕಡೆ ತಿರುಗಿದರು.

"ನಿನ್ನೆ ಬೀಗ ಹಾಕೋವಾಗ ಕಂಬಳಿ ಎತ್ತಿ ನೋಡಿದ್ಯಾ?"

"ಇಲ್ಲಕ್ಕ. ಯಾಕೆ ನೋಡ್ಲಿ?"

"ನಡುವೆ ಎಲ್ಲಾದ್ರೂ ಹೋಗಿದ್ಯಾ?"

"ನಾಲ್ಕಕ್ಕೆ ಟೀ ಕುಡಿಯೋಕೆ. ಹತ್ತು ನಿಮಿಷ."

"ಆಗ ಒಳಗೆ ಯಾರಿದ್ರು?"

ಅವನು ಟಿಫನ್ ಕ್ಯಾರಿಯರನ್ನು ಇನ್ನೊಂದು ಕೈಗೆ ಬದಲಿಸಿದ. ನಾನು ಆ ಹೊತ್ತಿಗೆ ಅತ್ತೆಯ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದೆ. ಅದು ಅತ್ತೆಗೇ ಗೊತ್ತು. ಉಳಿದವರು ಒಬ್ಬರೇ.

"ಅವನನ್ನೇ ಕೇಳ್ತಾ ಕೂತ್ರೆ ಹೊತ್ತು ಹೋಗುತ್ತೆ" ಎಂದರು ಅಪ್ಪ.

ಅತ್ತೆ ಗೋಡೆಯ ಹತ್ತಿರ ಹೋದರು. ಮೊಳೆಯಿಂದ ಫುಟ್‌ಬೋರ್ಡಿನ ರಟ್ಟನ್ನು ತೆಗೆದು ಒಂದು ಮುಖ ನೋಡಿದರು. ಮಗುಚಿ ಇನ್ನೊಂದು ಮುಖ ನೋಡಿದರು. ಬೆಳಿಗ್ಗೆ ಧೂಳು ಒರೆಸುವಾಗ ನಾನೂ ಅದನ್ನು ಕಂಡಿದ್ದೆ. ಕಂಡರೂ ಒರೆಸಿ ನೇತುಹಾಕಿದ್ದೆ.

"ಗುರುತು ಹಾಕೋಕೆ ಕೆಂಪು ಪೆನ್ನು ಯಾರು ತಂದಿದ್ದು?"

"ನಾನು" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅತ್ತೆ ಮತ್ತೆ ಕೇಳಿದರು. "ನಾನು. ಬುಧವಾರ. ಎಡಗಡೆಯದಕ್ಕೆ ಹಾಕಿ ಮುಗಿಸೋ ಹೊತ್ತಿಗೆ ಕಪ್ಪು ಪೆನ್ನು ಒಣಗಿಹೋಗಿತ್ತು. ಬಲಗಡೆಯದಕ್ಕೆ ಅಂತ ಕೆಂಪು ತಂದೆ."

"ಅಳತೆಪಟ್ಟಿ ಯಾರು ಓದ್ತಿದ್ದು?"

ಅಪ್ಪನ ಕೈ ನಿಂತಿತು.

ಆರು ತಿಂಗಳಿಂದ ನಾನೇ ಓದುತ್ತಿದ್ದೆ. ಅಪ್ಪ ಪಟ್ಟಿ ಹಿಡಿದು, ಹದಿನಾರೋ ಹದಿನೇಳೋ ಎಂದು ತಮಾಷೆಗೆ ಕೇಳಿದಂತೆ ಕೇಳುತ್ತಿದ್ದರು. ನಾನು ತಮಾಷೆಗೆ ಹೇಳಿದಂತೆ ಹೇಳುತ್ತಿದ್ದೆ. ಕಣ್ಣಿನ ಮಾತು ಇಬ್ಬರೂ ಎತ್ತಿರಲಿಲ್ಲ. ಕೆಲಸ ಒಪ್ಪಿಸುವ ದಿನ ಮಾಲೀಕರು, ಈ ವಯಸ್ಸಿಗೆ ಇಷ್ಟು ಸೂಕ್ಷ್ಮದ ಕೆಲಸ ಕಾಣುತ್ತದೆಯೇ ಎಂದಿದ್ದರು. ಅಪ್ಪ ನಕ್ಕು, ಗೋಡೆಯ ಕ್ಯಾಲೆಂಡರಿನ ತಾರೀಖು ಓದಿ ತೋರಿಸಿದ್ದರು.

"ನಾನು" ಎಂದೆ.

ಅತ್ತೆ ರಟ್ಟನ್ನು ಮಾಲೀಕರ ಕೈಗೆ ಕೊಟ್ಟರು.

"ನೋಡಿ ಸಾರ್. ಗುರುತು ಹಾಕೋವಾಗ ಪೆನ್ನು ರಟ್ಟಿನ ಅಂಚಿಗೆ ತಾಗುತ್ತೆ, ಮೇಲಿರೋ ಮುಖಕ್ಕೆ ಮಸಿ ಹತ್ತುತ್ತೆ. ಈ ಮುಖದ ಅಂಚಿನ ಸುತ್ತ ಕಪ್ಪಿದೆ — ಅದು ಎಡಗಡೆಯದು. ಸರಿ. ಕೆಂಪು ಎಲ್ಲಿದೆ?"

ಮಾಲೀಕರು ಬೆರಳಿಟ್ಟರು. ಕೆಂಪು ಅದೇ ಮುಖದಲ್ಲಿ, ಕಪ್ಪಿನ ಪಕ್ಕದಲ್ಲೇ ಇತ್ತು. ಹಿಂದಿನ ಮುಖ ಬಿಳಿಯಾಗಿತ್ತು.

"ಷರ್ಟಿನ ಎರಡು ಮುಂಭಾಗಕ್ಕೂ ನಾವು ಒಂದೇ ಕಾಗದ ಇಡೋದು. ಎರಡನೇದಕ್ಕೆ ಕಾಗದ ಮಗುಚಬೇಕು. ಮಗುಚದಿದ್ರೆ ಎರಡೂ ಎಡವೇ ಆಗುತ್ತೆ. ಕಲಿಯೋವಾಗ ನಾನೂ ಒಬ್ಬರ ಮದುವೆ ಷರ್ಟು ಹಾಳು ಮಾಡಿದ್ದೆ. ಈ ರಟ್ಟನ್ನ ಯಾರೂ ಮಗುಚಿಲ್ಲ ಸಾರ್. ನಿಮ್ಮ ಬಲಗಡೆ ಗಾರ್ಡು ಹುಟ್ಟಲೇ ಇಲ್ಲ. ಎರಡು ಎಡ ಹುಟ್ಟಿವೆ. ತಿರುಗಿಸಿ ಹಾಕೋಣ ಅಂದ್ರೆ ಉಬ್ಬುಗೆರೆ ಕೆಳಗೆ ಹೋಗಿ ಬೋಳು ಮುಖ ಮೇಲೆ ಬರುತ್ತೆ."

"ಹಾಗಾದ್ರೆ ಅದು ಎಲ್ಲಿ?"

ಅತ್ತೆ ನನ್ನನ್ನು ನೋಡಿದರು. ಬೆಳಿಗ್ಗೆ ಗುಡಿಸುವಾಗ ಏನಾದರೂ ಬೇರೆ ಥರ ಇತ್ತೇ ಎಂದು ಕೇಳಿದರು. ನಾನು ಸುಮ್ಮನಿರಬಹುದಿತ್ತು. ಬೆಂಚಿನ ಮೇಲಿನ ಕೀ ಕಾಣಿಸಿತು. ಪಾಲಿಶ್ ಅಣ್ಣನ ಬೆರಳುಗಳು ಟಿಫನ್ ಹಿಡಿಯ ಮೇಲೆ ಬಿಳಿಚಿಕೊಂಡಿದ್ದವು. ಹೊರಗೆ ಗಡಿಯಾರ ಅಂಗಡಿಯ ಮುಳ್ಳು ಹನ್ನೊಂದಕ್ಕೆ ಹತ್ತಿರವಾಗಿತ್ತು.

"ಮ್ಯಾಟ್ ಕೊಡವಲಿಲ್ಲ" ಎಂದೆ. "ಅಪ್ಪ ಸರೀಲಿಲ್ಲ."

"ಅಣ್ಣ" ಎಂದರು ಅತ್ತೆ, ಮೆಲ್ಲಗೆ. "ಸ್ವಲ್ಪ ಪಕ್ಕಕ್ಕೆ ಬಾ."

ಅಪ್ಪ ಒಂದು ಕಾಲು ತೆಗೆದರು, ಇನ್ನೊಂದು ಕಾಲು ತೆಗೆದರು. ಮ್ಯಾಟ್ ಎತ್ತಿದ್ದು ನಾನೇ. ಉಬ್ಬುಗೆರೆಯ ತಗಡು ನೆಲಕ್ಕೆ ಅಂಟಿ ಮಲಗಿತ್ತು. ಮೇಜಿನ ಮೇಲಿದ್ದದರ ಪಕ್ಕ ಇಟ್ಟೆವು. ಎರಡರ ಬಾಗೂ ಒಂದೇ ಕಡೆಗಿತ್ತು.

"ನಿನ್ನೆ ಅಂಚು ಬಗ್ಗಿಸೋಣ ಅಂತ ಜೋಡಿಸಿ ಇಟ್ಟಾಗ ಗೊತ್ತಾಯ್ತು" ಎಂದರು ಅಪ್ಪ. "ಕಣ್ಣಿಗಲ್ಲ. ಬೆರಳಿಗೆ." ಇವತ್ತು ಲಾರಿಗೆ ಇಟ್ಟು ನೋಡಿದರೆ ಎಲ್ಲರಿಗೂ ಗೊತ್ತಾಗುತ್ತಿತ್ತು, ಕಳೆದುಹೋಯಿತು ಅಂದರೆ ಒಂದೆರಡು ದಿನ ಸಿಗಬಹುದು, ಬೇರೆ ತಗಡು ಹುಡುಕಬಹುದು ಅಂದುಕೊಂಡೆ, ಠಾಣೆಯವರೆಗೆ ಹೋಗುತ್ತದೆ ಅಂದುಕೊಳ್ಳಲಿಲ್ಲ ಎಂದರು. ಹೇಳುತ್ತ ಹೋದಂತೆ ದನಿ ಸಣ್ಣದಾಯಿತು.

ಮಾಲೀಕರು ರಟ್ಟನ್ನು ಮೇಜಿನ ಮೇಲಿಟ್ಟರು. "ತಗಡು ಹಾಳಾಗಿದ್ದಕ್ಕೆ ನಾಲ್ಕು ದಿನ ಬೇಜಾರು ಮಾಡ್ಕೊತಿದ್ದೆ ಅಷ್ಟೆ. ಆದ್ರೆ ಈ ಮನುಷ್ಯನ ಹೆಸರು ಠಾಣೇಲಿ ಬರೆಸೋದ್ರಲ್ಲಿದ್ದೆನಲ್ಲ." ಎಡಗಡೆಯದೊಂದನ್ನೇ ಕಂಬಳಿಯಲ್ಲಿ ಸುತ್ತಿಕೊಂಡು ಲಾರಿ ಹತ್ತಿದರು. ಹತ್ತುವಾಗ ಬಲಗಡೆಯ ಬರಿಯ ಹಲಗೆಯ ಮೇಲೆ ಕಾಲಿಟ್ಟರು.

ಅತ್ತೆಯೂ ಸೀಟ್ ಕವರ್ ಕೊಡಲು ಅವರ ಹಿಂದೆ ಹೊರಗೆ ಹೋದರು.

ಒಳಗೆ ಉಳಿದವರು ಮೂವರು. ಪಾಲಿಶ್ ಅಣ್ಣ ಬಾಗಿಲ ಹತ್ತಿರ ಬೆನ್ನು ಮಾಡಿ ನಿಂತಿದ್ದ, ಟಿಫನ್ ಇನ್ನೂ ಕೈಯಲ್ಲೇ. ಅಪ್ಪ ಬೆಂಚನ್ನು ಅಂಗೈಯಿಂದ ತಡವಿದರು. ಅರ ಸಿಕ್ಕಿತು, ಪೆನ್ನು ಸಿಕ್ಕಿತು. ಆಮೇಲೆ ಕೀ ಸಿಕ್ಕಿತು. ಅದನ್ನು ಎತ್ತಿ, ಬಾಗಿಲ ಬೆಳಕಿನ ಕಡೆಗೆ ಚಾಚಿದರು.

"ಕೀ ತಗೊಳಪ್ಪ" ಎಂದರು.