ಗಂಡು ಹೂಗಳ ಕಳವು

"ವೈಜಯಂತಿಯವರೇ, ನಮ್ಮನೆ ಬಾಲ್ಕನಿಯಲ್ಲಿ ದಿನಾ ಹೀರೇಬಳ್ಳಿಯ ಹೂವು ಕಳವಾಗ್ತಿದೆ." ಅಶ್ವತ್ಥನಾರಾಯಣ ರಾಯರು ಚಪ್ಪಲಿ ಬಿಡುವ ಮೊದಲೇ ದೂರು ಹೇಳಿಬಿಟ್ಟರು.

ರಾಜಧಾನಿಯ ದ್ವಾರಕಾ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಏನು ಕಳೆದರೂ ಜನ ಗಾರ್ಡ್ ಬಳಿ ಹೋಗುವ ಮುನ್ನ ವೈಜಯಂತಿಯವರ ಬಳಿ ಬರುತ್ತಿದ್ದರು. ಅವರು ನಿವೃತ್ತ ಕೀಟಶಾಸ್ತ್ರಜ್ಞೆ. ಎದುರು ಮನೆಯ ನಾನು, ಲೀಲಾ, ಅವರ ಪ್ರತಿ ತನಿಖೆಗೂ ಜೊತೆಗಾತಿ.

ಅದು 2007ರ ಮಳೆಗಾಲ. ಹಿಂದಿನ ವರ್ಷ ರಾಯರ ಹೆಂಡತಿ ಸುಶೀಲಮ್ಮನವರಿಗೆ ಡೆಂಗ್ಯೂ ಬಂದು ಬದುಕಿದ್ದೇ ಹೆಚ್ಚಾಗಿತ್ತು. ಆಗ ಸೊಸೆ ಪ್ರೇರಣಾ ಇಡೀ ಬಾಲ್ಕನಿಗೆ ಸೊಳ್ಳೆ ಜಾಲರಿ ಹಾಕಿಸಿದಳು. ಅಂದಿನಿಂದ ಒಂದು ಜೇನೂ ಒಳಗೆ ಬರಲಿಲ್ಲ. ಮಿಡಿಗಾಯಿಗಳೆಲ್ಲ ಹಳದಿಯಾಗಿ ಉದುರಿದವು.

"ಆ ಸಿಟ್ಟಿಗೆ ಸೊಸೆ ಜೊತೆ ಮಾತು ಬಿಟ್ಟೆ," ಎಂದರು ರಾಯರು ಮುಜುಗರದಿಂದ. "ಈಗ ಹೂವೂ ಇಲ್ಲ. ನಿನ್ನೆ ಬೆಳಿಗ್ಗೆ ಕೆಲಸದಾಕೆ ಕಮಲೇಶ್‌ಳನ್ನ ನೀನೇ ಒಯ್ತೀಯಾ ಅಂತ ಕೇಳಿದೆ. ಪೊರಕೆ ಅಲ್ಲೇ ಇಟ್ಟು ಹೊರಟುಹೋದಳು. ಇವತ್ತೂ ಬಂದಿಲ್ಲ."

"ಇವತ್ತು ಹೂವು ಉಳಿದಿದೆಯೇ?"

"ಇಲ್ಲ, ಹೋಗಿದೆ." ಹೇಳಿದ ಮೇಲೆ ರಾಯರು ತಲೆ ಕೆರೆದುಕೊಂಡರು.

ನಾವು ಅವರ ಮನೆಗೆ ಹೋದೆವು. ಜಾಲರಿ ಎಲ್ಲೂ ಹರಿದಿರಲಿಲ್ಲ. ವೈಜಯಂತಿಯವರು ಬಳ್ಳಿಯನ್ನು ಎಲೆ ಎಲೆಯಾಗಿ ನೋಡಿದರು. "ಹಿಂದೆ ಪುಟ್ಟ ಮಿಡಿ ಇದ್ದರೆ ಅದು ಹೆಣ್ಣು ಹೂವು. ಅವೆಲ್ಲ ಇಲ್ಲೇ ಬಾಡಿಕೊಂಡಿವೆ. ಹೋಗಿರೋದು ಬರೀ ಗಂಡು ಹೂವು," ಎಂದರು. ಆಮೇಲೆ ಸ್ಟೂಲ್ ಹತ್ತಿ, ಸೂರಿನ ಹತ್ತಿರದ ಎಲೆಗಳ ಮರೆಯಲ್ಲಿದ್ದ ಬೆರಳುದ್ದದ ಕಾಯೊಂದನ್ನು ನನಗೆ ಮಾತ್ರ ತೋರಿಸಿ, ಸುಮ್ಮನಿರುವಂತೆ ಸನ್ನೆ ಮಾಡಿದರು.

"ಸಂಜೆ ಮನೆಯಲ್ಲಿ ಯಾರಿರ್ತಾರೆ?"

"ನಾನು ವಾಕ್ ಹೋಗ್ತೀನಿ. ಮಗ ರಾಹುಲ್ ಪುಣೆಯಲ್ಲಿದ್ದಾನೆ, ಅಲ್ಲಿಗೆ ಹೋಗಿ ಹದಿನೈದು ದಿನ ಆಯ್ತು. ಇವಳು ಮಂಡಿನೋವು ಅಂತ ಟಿವಿ ಮುಂದೆ. ಅಷ್ಟೊತ್ತಿಗೆ ಸೊಸೆ ಗುಡಗಾಂವ್‌ನ ಆಫೀಸಿನಿಂದ ಬರ್ತಾಳೆ."

ಮರುದಿನ ಭಾನುವಾರ ವೈಜಯಂತಿಯವರು ಎಲ್ಲರನ್ನೂ ಅದೇ ಬಾಲ್ಕನಿಯಲ್ಲಿ ಸೇರಿಸಿದರು. ಕಮಲೇಶ್‌ಳನ್ನೂ ನಾನೇ ಹೋಗಿ ಕರೆತಂದಿದ್ದೆ.

"ಕಮಲೇಶ್ ಕೆಲಸ ಬಿಟ್ಟುಹೋದ ಮೇಲೂ ಹೂವು ಹೋಗಿದೆ. ಹಾಗಾಗಿ ಇವಳಲ್ಲ," ಎಂದು ವೈಜಯಂತಿಯವರು ಶುರುಮಾಡಿದರು. "ಪೂಜೆಗೋ ಮುಡಿಗೋ ಕೀಳುವವರು ಗಂಡು ಹೆಣ್ಣು ಅಂತ ಆರಿಸ್ತಾರಾ? ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ತಾಗದಿದ್ದರೆ ಕಾಯಿ ನಿಲ್ಲಲ್ಲ. ಅದನ್ನ ತಾಗಿಸೋದು ಜೇನು, ಪತಂಗ. ಅವಕ್ಕೆ ಇಲ್ಲಿ ದಾರಿಯಿಲ್ಲ. ಆದರೂ ಮೇಲೆ ಕಾಯಿ ನಿಂತಿದೆ."

"ಕಾಯಾ?" ರಾಯರು ಕತ್ತೆತ್ತಿದರು.

"ಇರಿ. ಹೀರೇಹೂವು ಅರಳೋದು ಸಂಜೆ, ಬೆಳಗಾದರೆ ಬಾಡುತ್ತೆ. ಅಂದರೆ ಸಂಜೆ ಯಾರೋ ಗಂಡು ಹೂವು ಕಿತ್ತು, ಹೆಣ್ಣು ಹೂವಿಗೆ ಸವರಿದ್ದಾರೆ. ರಾಯರು ಹೊರಗೆ, ರಾಹುಲ್ ಊರಲ್ಲಿಲ್ಲ. ಕಾಯಿ ಇರೋದು ಸ್ಟೂಲ್ ಹತ್ತಿದರೆ ಸಿಗೋ ಎತ್ತರದಲ್ಲಿ. ಸುಶೀಲಮ್ಮನವರ ಮಂಡಿಗೆ ಅದಾಗದು. ಉಳಿದವಳು ಒಬ್ಬಳೇ."

ಪ್ರೇರಣಾ ತಲೆ ತಗ್ಗಿಸಿ ನಕ್ಕಳು. "ಜಾಲರಿ ಹಾಕ್ಸಿದ್ದು ನಾನೇ ಅಲ್ವಾ, ಜೇನಿನ ಕೆಲಸಾನೂ ನಾನೇ ಮಾಡ್ಬೇಕು. ಹೇಗೆ ಅಂತ ನೆಟ್‌ನಲ್ಲಿ ಓದಿದೆ. ಹೇಳೋಣ ಅಂದ್ರೆ ಮಾವ ಮಾತೇ ಆಡಲ್ಲ. ಕಾಯಿ ದೊಡ್ಡದಾದ ಮೇಲೆ ಅವರೇ ನೋಡ್ಲಿ ಅಂತಿದ್ದೆ."

ರಾಯರು ಮೊದಲು ಕಮಲೇಶ್‌ಳತ್ತ ತಿರುಗಿ ಕೈ ಮುಗಿದು, ತಪ್ಪು ತನ್ನದೇ ಎಂದು ಹಿಂದಿಯಲ್ಲಿ ಕ್ಷಮೆ ಕೇಳಿದರು. "ಮಾಫ್ ಕರೋ, ಗಲತಿ ಮೇರಿ ಥೀ."

"ಚಲೋ, ಹೋ ಗಯಾ ಬಾಬೂಜಿ," ಎಂದು ಆಕೆ, ಆದದ್ದಾಯಿತು ಬಿಡಿ ಎಂಬಂತೆ ನಗುತ್ತ, ಸೆರಗು ಬಿಗಿದು ಒಳಗೆ ನಡೆದಳು.

ಆಮೇಲೆ ರಾಯರು ಸ್ಟೂಲ್ ಹತ್ತಿದರು. ಅದು ಅಲುಗಾಡದಂತೆ ಪ್ರೇರಣಾ ಹಿಡಿದುಕೊಂಡಳು. ಅವರು ಕಾಯಿಯನ್ನು ಮೆಲ್ಲಗೆ ಸವರಿ, ಕೆಳಗೆ ನೋಡದೆಯೇ ಹೇಳಿದರು: "ಇವತ್ತು ವಾಕ್ ಬೇಡ. ಹೂವು ಅರಳಿದಾಗ ನನಗೂ ಹೇಳಿಕೊಡಮ್ಮ."

"ಅಚ್ಛಾ ಮಾವ. ಆದ್ರೆ ಗಂಡು ಹೂವು ನೀವೇ ಕೀಳ್ಬೇಕು."

ಸುಶೀಲಮ್ಮನವರು ಕಣ್ಣೊರೆಸಿಕೊಂಡು ಎದ್ದರು. "ಈ ಮನೆಯಲ್ಲಿ ಇವರಿಬ್ಬರು ಮಾತಾಡೋದು ಕೇಳಿ ಎಷ್ಟು ಕಾಲವಾಯ್ತು," ಎಂದು, ಮಂಡಿನೋವನ್ನೂ ಮರೆತು, ಎಲ್ಲರಿಗೂ ಕಾಫಿ ಮಾಡಲು ಹೋದರು.